ಹೂತ ಟ್ರ್ಯಾಕ್ಟರ್ ಗಾಲಿಗೆ ದಿಮ್ಮಿ ಕಟ್ಟಬಹುದಾ?

ಪ್ರಶ್ನೆ: ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡರೆ ನಮ್ಮೂರಲ್ಲಿ ಹಿಂದಿನ ಗಾಲಿಗೆ ಅಡ್ಡಡ್ಡ ಮರದ ದಿಮ್ಮಿ ಕಟ್ಟಿ ಎತ್ತುತ್ತಾರೆ. ಅದು ಅಪಾಯ ಅಂತ ಮಗ ಜಗಳಕ್ಕೆ ಬರ್ತಾನೆ. ಯಾರು ಸರಿ?

ಉತ್ತರ: ನಿಮ್ಮ ಮಗನೇ ಸರಿ.

ದಿಮ್ಮಿ ಕಟ್ಟಿದರೆ ಎಷ್ಟೋ ಸಲ ಗಾಡಿ ಮೇಲೆ ಬರುತ್ತದೆ, ಸುಳ್ಳಲ್ಲ. ಮಂಡ್ಯ ಕಡೆ ನಾಲೆಗೆ ನೀರು ಬಿಟ್ಟರೆ ಸಾಕು, ನಮ್ಮ ಚಿಕ್ಕಪ್ಪ ವರ್ಷಕ್ಕೊಂದು ಸಲವಾದರೂ ಹೀಗೇ ಎತ್ತುತ್ತಿದ್ದರು. ಮೇಲೆ ಬರದೇ ಇದ್ದಾಗ ಏನಾಗುತ್ತದೆ ಅನ್ನುವುದೇ ಪ್ರಶ್ನೆ.

ಎಂಜಿನ್ನಿನ ಬಲವೆಲ್ಲ ಹೋಗುವುದು ಹಿಂದಿನ ಆಕ್ಸಲ್‌ಗೆ, ಅಂದರೆ ಎರಡು ಹಿಂದಿನ ಗಾಲಿ ತಿರುಗಿಸುವ ಅಚ್ಚಿಗೆ. ಹೂತ ಗಾಲಿ ಸುಮ್ನೆ ತಿರುಗುತ್ತಿದ್ದರೆ ಆ ಬಲ ಕೆಸರಲ್ಲಿ ಕಳೆದುಹೋಗುತ್ತದೆ. ದಿಮ್ಮಿ ಆ ಗಾಲಿಯನ್ನು ಹಿಡಿದು ನಿಲ್ಲಿಸಿಬಿಟ್ಟರೆ ಬಲ ಎಲ್ಲಿಗಾದರೂ ಹೋಗಬೇಕಲ್ವಾ? ಗಾಲಿ ತಿರುಗದಿದ್ದರೆ ಆಕ್ಸಲ್ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮುಂದಿನ ಗಾಲಿ ಎದ್ದು, ಬಾನೆಟ್ ಆಕಾಶ ನೋಡಿ, ಗಾಡಿ ಹಿಂದಕ್ಕೆ ಮಗುಚುತ್ತದೆ. ಅಡಿಗೆ ಸಿಕ್ಕುವುದು ಡ್ರೈವರು. ಎಲ್ಲ ಸೇರಿ ಸುಮಾರು ಒಂದೂವರೆ ಸೆಕೆಂಡು. ಅರ್ಧ ದಾರಿ ಎದ್ದ ಮೇಲೆ ಕ್ಲಚ್ ತುಳಿದರೂ ಗಾಡಿ ವಾಪಸ್ ಬರುವುದಿಲ್ಲ. 'ಎದ್ದರೆ ನೆಗೆದುಬಿಡ್ತೀನಿ' ಅನ್ನುವವರಿಗೆ ಆ ಹೊತ್ತಲ್ಲಿ 'ಅಯ್ಯೋ' ಅನ್ನುವುದಕ್ಕೂ ಪುರುಸೊತ್ತು ಸಿಗಲ್ಲ.

ಇನ್ನು ಗಾಡಿಯ ಮೂತಿ ಕಡೆ ಭಾರ ಇರಲಿ ಅಂತ ಇಬ್ಬರು ಹುಡುಗರನ್ನು ಬಂಪರ್ ಮೇಲೆ ನಿಲ್ಲಿಸುವುದು. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಾಡಿ ಎದ್ದರೆ ಅವರೂ ಹೋದರು. ಏಳದೆ ಗಕ್ಕನೆ ಮುಂದಕ್ಕೆ ನುಗ್ಗಿದರೆ ಗಾಲಿ ಅಡಿಗೆ ಬೀಳುವವರೂ ಅವರೇ.

ಮಗುಚಿದಾಗ ಡ್ರೈವರನ್ನು ಉಳಿಸುವುದು ಸೀಟಿನ ಹಿಂದೆ ಕೂರಿಸುವ ಗಟ್ಟಿ ಉಕ್ಕಿನ ಚೌಕಟ್ಟು, ಜೊತೆಗೆ ಸೀಟ್ ಬೆಲ್ಟ್. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಈ ಚೌಕಟ್ಟನ್ನು ಕಡ್ಡಾಯ ಮಾಡಿತು. ಆಮೇಲೆ ಅಲ್ಲಿ ಪಲ್ಟಿಯಿಂದ ಸಾಯುವವರು ತೀರಾ ಕಡಿಮೆಯಾದರು. ನಮ್ಮಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಟಾಪ್ ಬಿಸಿಲಿಗೆ ಮಾತ್ರ, ಗಾಡಿಯ ಭಾರ ತಡೆಯಲ್ಲ. ಚೌಕಟ್ಟು ಇಲ್ಲದ ಗಾಡಿಯಲ್ಲಿ ಬೆಲ್ಟ್ ಕಟ್ಟಬೇಡಿ, ಮಗುಚಿದರೆ ಅದು ನಿಮ್ಮನ್ನು ಗಾಡಿ ಅಡಿಗೇ ಹಿಡಿದಿಡುತ್ತದೆ.

ಹಾಗಾದರೆ ಹೂತಾಗ ಏನು ಮಾಡಬೇಕು? ಮೊದಲು ಆಕ್ಸಲರೇಟರ್ ಬಿಡಿ, ಒತ್ತಿದಷ್ಟೂ ಇನ್ನೂ ಹೂಳುತ್ತದೆ. ಟ್ರೈಲರ್ ಇದ್ದರೆ ಕಳಚಿ. ಹಿಂದಿನ ಗಾಲಿಗಳ ಹಿಂದಿರುವ ಕೆಸರು ತೋಡಿ, ಇಳಿಜಾರು ಮಾಡಿ, ನಿಧಾನಕ್ಕೆ ರಿವರ್ಸ್ ಬನ್ನಿ. ರಿವರ್ಸ್‌ನಲ್ಲಿ ಅದೇ ಬಲ ಮುಂಭಾಗವನ್ನು ನೆಲಕ್ಕೆ ಒತ್ತುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ. ಎಳೆಯುವ ಗಾಡಿಯ ಕೆಳಗಿನ ಹುಕ್‌ಗೇ ಸರಪಳಿ ಹಾಕಿ. ಸೀಟಿನ ಹಿಂದೆ ಮೇಲ್ಗಡೆ ಇರುವ ಟಾಪ್ ಲಿಂಕ್‌ಗೆ ಹಾಕಿದರೆ ಆ ಗಾಡಿಯೂ ಮೂತಿ ಎತ್ತುತ್ತದೆ. ಸರಪಳಿ ಹರಿದರೆ ಚಾಟಿಯ ಹಾಗೆ ಬೀಸುತ್ತದೆ, ನೋಡುವ ಜನರನ್ನು ಬದುವಿನ ಆಚೆಗೆ ಕಳಿಸಿ.

ತೋಡುವುದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಸನಿಕೆ ಮಗನ ಕೈಗೇ ಕೊಡಿ, ಜಗಳ ಶುರು ಮಾಡಿದವನು ಅವನೇ ತಾನೆ.