ಭೂಮಣ್ಣಿ ಬುಟ್ಟಿ ಇಳಿಸಲು ಗದ್ದೆ ಎಲ್ಲಿ?

ಬಯಲುಸೀಮೆಯವರು ಸೀಗೆ ಹುಣ್ಣಿಮೆ ಎನ್ನುವ ಆಶ್ವೀಜದ ಹುಣ್ಣಿಮೆ, ಮಲೆನಾಡಿನ ಸಾಗರ, ಸೊರಬ, ಹೊಸನಗರದಲ್ಲಿ ದೀವರೆಂಬ ಕೃಷಿಕ ಸಮುದಾಯದ ಕೇರಿಗಳಲ್ಲಿ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸುರಿ ಗದ್ದೆಗೆ ಬಯಕೆ ಊಟ ಹೊತ್ತುಕೊಂಡು ಹೋಗುವುದೇ ಹಬ್ಬ. ಹೊರುವುದಕ್ಕೆ ಚಿತ್ತಾರ ಬರೆದ ಎರಡು ಬುಟ್ಟಿ: ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಈಚೆಗೆ ಈ ಚಿತ್ತಾರಕ್ಕೆ ಪ್ರದರ್ಶನ, ಮಾರುಕಟ್ಟೆ ಎರಡೂ ಸಿಕ್ಕಿವೆ. ಕುಗ್ಗುತ್ತಿರುವುದು ಬುಟ್ಟಿ ಇಳಿಸುವ ಗದ್ದೆ.

ಮೊದಲು ಬುಟ್ಟಿಯ ಕೆಲಸ. ಮಹಾನವಮಿ ಕಳೆದ ಮೇಲೆ ಹುಣ್ಣಿಮೆಗೆ ಉಳಿಯುವುದು ಐದಾರು ದಿನ. ಅಷ್ಟರೊಳಗೆ ಮೂರು ಬಾರಿ ಒಣಗಬೇಕು. ಬಿದಿರ ಹೆಣಿಗೆಯ ಸಂದು ಮುಚ್ಚುವಂತೆ ಸಗಣಿ ಸಾರಿಸಿ ಒಣಗಿಸುವುದು ಒಂದು. ಅದರ ಮೇಲೆ ಕೆಮ್ಮಣ್ಣು ಬಳಿದು ಒಣಗಿಸುವುದು ಎರಡು. ಆಮೇಲೆ ಬರೆಯುವ ಕೆಲಸ. ಸಗಣಿ ಒಂದೇ ಸಲಕ್ಕೆ ದಪ್ಪವಾದರೆ ಒಣಗುವಾಗ ಬಿರುಕು ಬಿಟ್ಟು ಚಿತ್ತಾರದ ಸಮೇತ ಉದುರುತ್ತದೆ. ತೆಳುವಾಗಿ ಎರಡು ಸಲ ಬಳಿಯುವುದೇ ಸರಿ. ಕೆಮ್ಮಣ್ಣು ಹಸಿಯಿದ್ದಾಗಲೇ ಗೆರೆ ಎಳೆದರೆ ಬಿಳಿ ಕೆಂಪಿಗೆ ತಿರುಗುತ್ತದೆ. ಹಿಂಗಾರಿನ ಮೋಡ ಕಟ್ಟಿದ ದಿನ ಒಲೆಯ ಹತ್ತಿರ ಇಡಬೇಕು, ಆದರೆ ಬಿಸಿಗೆ ತೀರಾ ಒಡ್ಡಬಾರದು.

ಬಿಳಿ ಬಣ್ಣಕ್ಕೆ ನೆನೆಸಿ ನುಣ್ಣಗೆ ಅರೆದ ಅಕ್ಕಿ. ತರಿ ಉಳಿದರೆ ಗೆರೆ ನಿಲ್ಲುವುದಿಲ್ಲ. ಬರೆಯುವಾಗ ಇದು ಮಸುಕಾಗಿ, ಕಂಡೂ ಕಾಣದ ಹಾಗೆ ಇರುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಹೊಸಬರು ಎಡವುವುದು ಇಲ್ಲೇ: ಕಾಣುತ್ತಿಲ್ಲವೆಂದು ಅದೇ ಗೆರೆಯ ಮೇಲೆ ಮತ್ತೆ ಎಳೆದು ಎಳೆಯನ್ನು ಹಗ್ಗ ಮಾಡಿಬಿಡುತ್ತಾರೆ. ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರುಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯ ಎನಾಮಲ್ ಬಣ್ಣ ಬಳಿದ ಬುಟ್ಟಿ ದೂರಕ್ಕೆ ಮಿಂಚುವುದೇನೋ ನಿಜ. ಆದರೆ ಮರುವರ್ಷ ನೀರು ಹಾಕಿ ಹಳೆಯ ಪದರ ತೊಳೆಯುವ ಹಾಗಿಲ್ಲ. ಚಕ್ಕೆ ಚಕ್ಕೆಯಾಗಿ ಕೀಳಬೇಕು.

ಹುಣ್ಣಿಮೆಯ ಹಿಂದಿನ ರಾತ್ರಿ ಅಡುಗೆ ಮನೆಗೆ ನಿದ್ದೆಯಿಲ್ಲ. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಪಾಯಸ, ಜೊತೆಗೆ ಗದ್ದೆಗೆ ಎರಚುವ ಎಡೆಗೆ, ಅಂದರೆ ಚರಗಕ್ಕೆಂದು ಬೇಲಿ, ಗುಡ್ಡ, ಹಿತ್ತಲಿನಿಂದ ಕಿತ್ತು ತಂದ ಬೆರಕೆ ಸೊಪ್ಪು. ನೂರೊಂದು ಕುಡಿ ಎನ್ನುವುದು ಮಾತಿನ ಲೆಕ್ಕ, ಅಷ್ಟನ್ನು ಎಣಿಸಿ ಕೀಳುವವರು ವಿರಳ. ಬೆಳಕು ಹರಿಯುವ ಮುನ್ನ ಗಂಡಸರು ಅಚ್ಚಂಬಲಿ ಬುಟ್ಟಿ ಹಿಡಿದು ‘ಅಚ್ಚಂಬಲಿ, ಹಾಲಂಬಲಿ’ ಎಂದು ಕೂಗುತ್ತ ಗದ್ದೆಯುದ್ದಕ್ಕೂ ಚರಗ ಬೀರುತ್ತಾರೆ. ಹಗಲಾದ ಮೇಲೆ ಭೂಮಣ್ಣಿ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಹೊರಡುತ್ತಾರೆ. ಭತ್ತದ ಬುಡಕ್ಕೆ ತಾಳಿ, ಬಳೆ, ಹೂ ಇಟ್ಟು ಪೂಜೆ. ಕಾಗೆಗೂ ಇಲಿಗೂ ಎಡೆ. ನಂತರ ಗದ್ದೆಯಲ್ಲೇ ಊಟ. ಕೆಲವು ಮನೆಗಳವರು ಒಂದು ಕಡುಬನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನಲ್ಲಿ ಹೊರತೆಗೆಯುತ್ತಾರೆ.

ಹೀಗೆ ಉಣಿಸಿದ ಗದ್ದೆ ಬಹುಕಾಲ ಉಣಿಸಿದವರದ್ದಾಗಿರಲಿಲ್ಲ. ದೀವರಲ್ಲಿ ಬಹುಪಾಲು ಜನ ಗೇಣಿದಾರರು. ಬಯಕೆ ತೀರಿಸಿಕೊಂಡ ಭೂಮಿ ಹೆತ್ತದ್ದು ಮೊದಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಅದನ್ನು ಅಳೆಯುವ ಕೊಳಗದ ಅಳತೆಯಲ್ಲೇ ಮೋಸವೆಂಬುದು ಸಾಗರ ತಾಲ್ಲೂಕಿನ ಕಾಗೋಡಿನ ಜಗಳದ ಮೂಲ. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ‘ಉಳುವವನೇ ಹೊಲದೊಡೆಯ’ ಎಂಬುದು ಕಾನೂನಿನಲ್ಲಿ ಗಟ್ಟಿಯಾದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ.

ಈ ನಡುವೆ ಇನ್ನೊಂದು ಹೊಡೆತ ಬಿದ್ದಿತ್ತು. ಶರಾವತಿಗೆ ಹಿರೇಭಾಸ್ಕರದಲ್ಲಿ ಮೊದಲು, 1964ರಲ್ಲಿ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದಾಗಿ ಅಣೆಕಟ್ಟು ಎದ್ದಿತು. ನೀರು ನಿಲ್ಲುವ ಕಣಿವೆಯ ತಳವೇ ಭತ್ತ ಬೆಳೆಯುವ ಜಾಗವೂ ಹೌದು, ಹಾಗಾಗಿ ಮೊದಲು ಮುಳುಗಿದ್ದು ಗದ್ದೆ. 1974ರ ಕಾಯ್ದೆ ಬರುವಾಗ ಮುಳುಗಡೆಯ ಗೇಣಿದಾರರು ಉತ್ತ ಭೂಮಿ ನೀರಿನಡಿ ಹೋಗಿ ಹತ್ತು ವರ್ಷವಾಗಿತ್ತು. ಒಡೆತನ ಸಿಕ್ಕವರ ಮಾತು ಹೆಚ್ಚು ಕೇಳಿಸುತ್ತದೆ, ಇವರದ್ದು ಕಡಿಮೆ.

ಒಡೆತನ ಸಿಕ್ಕ ಗದ್ದೆಯೂ ಈಗ ಗದ್ದೆಯಾಗಿ ಉಳಿದಿಲ್ಲ. ನಾಟಿಗೆ, ಕೊಯ್ಲಿಗೆ ಆಳು ಸಿಗದು. ಸಿಕ್ಕರೂ ಭತ್ತದ ಬೆಲೆಗೆ ಕೂಲಿ ಹುಟ್ಟದು. ಬೆಳೆದದ್ದಕ್ಕೆ ಹಂದಿ, ಮಂಗನ ಕಾಟ. ಬಸಿಗಾಲುವೆ ತೋಡಿ, ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟವರನ್ನು ದೂರುವಂತಿಲ್ಲ, ಲೆಕ್ಕ ಹಾಕಿಯೇ ನೆಟ್ಟಿದ್ದಾರೆ. ಮಣ್ಣಿನ ಗೋಡೆ ಸಿಮೆಂಟಾದಾಗ ಗೋಡೆಯ ಹಸೆ ಚಿತ್ತಾರ ಕಾಗದಕ್ಕೆ, ಬಟ್ಟೆಗೆ ದಾಟಿತು. ಬುಟ್ಟಿಯೂ ಹಾಗೆಯೇ ಗದ್ದೆಯಿಂದ ತೋಟಕ್ಕೆ ದಾಟಿದೆ.

ಆದರೆ ಋತುಮಾನದ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ. ಅಧಿಕ ಮಾಸದಿಂದಾಗಿ ಹುಣ್ಣಿಮೆ ಹಿಂದೆ ಮುಂದೆ ಆಗುವುದು ಹಳೆಯ ತಾಪತ್ರಯ: 2023ರಲ್ಲಿ ಅಕ್ಟೋಬರ್ ಕೊನೆಗೆ ಬಂದ ಹಬ್ಬ 2025ರಲ್ಲಿ ಅದೇ ತಿಂಗಳ ಮೊದಲ ವಾರಕ್ಕೆ ಬಂತು. ಬೇಗ ಬಂದ ವರ್ಷ ತಡವಾಗಿ ನಟ್ಟ ಗದ್ದೆ ಇನ್ನೂ ಹೊಡೆ ಬಂದಿರುವುದಿಲ್ಲ. ಆದರೂ ಎರಡು ಮೂರು ವಾರದೊಳಗೆ ಬಸುರಾಗುವುದು ಖಚಿತವೆಂದು ಪೂಜೆ ನಡೆಯುತ್ತಿತ್ತು. ಅಡಿಕೆಗೆ ಆ ಸಮಾಧಾನವೂ ಇಲ್ಲ. ಹುಣ್ಣಿಮೆಯ ಹೊತ್ತಿಗೆ ಮೊದಲ ಕೊನೆಗಳು, ಅಂದರೆ ಅಡಿಕೆ ಗೊಂಚಲುಗಳು, ಇಳಿದು, ಅಂಗಳದಲ್ಲಿ ಸುಲಿತ ನಡೆದು, ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಬಯಕೆ ಊಟ ತೋಟಕ್ಕೆ ಹೋಗುವುದು ಹೆರಿಗೆ ಶುರುವಾದ ಮೇಲೆ. ಇನ್ನು ಬುಡದಲ್ಲಿ ಹೂತ ಕಡುಬು: ಭತ್ತವಾದರೆ ಕೊಯ್ಲು ಮುಗಿಯುವುದಕ್ಕೆ ಒಂದು ದಿನವಿರುತ್ತಿತ್ತು, ಅದನ್ನು ತೆಗೆಯುವ ದಿನವೂ ಅದೇ. ತೋಟದಲ್ಲಿ ಕೊನೆಯ ಮೇಲೆ ಕೊನೆ ಜನವರಿವರೆಗೂ ಇಳಿಯುತ್ತಲೇ ಇರುತ್ತದೆ.