ರಫ್ತು ಕೇಂದ್ರದ ಕೈಯಲ್ಲಿ, ನೆಲ ರಾಜ್ಯದ ಕೈಯಲ್ಲಿ

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ 40ರಷ್ಟು ಸುಂಕ ಹಾಕಿತು. ದೇಶದೊಳಗೆ ಬೆಲೆ ಏರಬಾರದು ಅನ್ನೋದು ಉದ್ದೇಶ. ಏಟು ಬಿದ್ದವರಲ್ಲಿ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಗುಲಾಬಿ ಈರುಳ್ಳಿ ಬೆಳೆಗಾರರೂ ಇದ್ದರು. ಈ ಈರುಳ್ಳಿ ಸಣ್ಣ ಗಾತ್ರದ್ದು, ಗಾಢ ಗುಲಾಬಿ ಬಣ್ಣದ್ದು, ಘಾಟು ಜಾಸ್ತಿ. ನಮ್ಮ ಅಡುಗೆಮನೆಗಳಲ್ಲಿ ಇದಕ್ಕೆ ಗಿರಾಕಿ ಕಡಿಮೆ. ಬೆಳೆದ ಮಾಲು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಪುರ, ಶ್ರೀಲಂಕಾ ಕಡೆ ಹೋಗಲೇಬೇಕು. ಇಲ್ಲಿನ ಸಂತೆಯಲ್ಲಿ ಯಾರೂ ಹೆಚ್ಚಾಗಿ ಕೊಳ್ಳದ ಈರುಳ್ಳಿಯನ್ನು ಹಡಗು ಹತ್ತದಂತೆ ತಡೆದರೆ ಇಲ್ಲಿನ ಬೆಲೆ ಹೇಗೆ ಇಳಿಯುತ್ತೆ?

ರಾಜ್ಯದ ಒತ್ತಾಯದ ನಂತರ ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ಮಾತ್ರ ಸುಂಕ ವಿನಾಯಿತಿ ಸಿಕ್ಕಿತು. ಅದಕ್ಕೊಂದು ಷರತ್ತಿತ್ತು. ಇದು ಗುಲಾಬಿ ಈರುಳ್ಳಿಯೇ ಹೌದು, ಇಷ್ಟೇ ಪ್ರಮಾಣ ಇದೆ ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕು. ಅಂದರೆ ಸುಂಕ ಹಾಕೋದು, ತೆಗೆಯೋದು ದೆಹಲಿ. ರಾಜ್ಯದ ಪಾಲಿಗೆ ಬಂದಿದ್ದು ಒಂದು ಪ್ರಮಾಣಪತ್ರ. ಅದೇ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತಿಗೇ ನಿಷೇಧ ಬಂತು.

ಸಂವಿಧಾನದಲ್ಲಿ ಕೆಲಸ ಹಂಚಿರುವುದೇ ಹೀಗೆ. ವಿದೇಶಗಳ ಜೊತೆಗಿನ ವ್ಯಾಪಾರ, ಆಮದು, ರಫ್ತು ಎಲ್ಲವೂ 7ನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ. ಯಾವ ವಲಯದಲ್ಲಿ ಎಷ್ಟು ವಿದೇಶಿ ಬಂಡವಾಳ ಬರಬಹುದು ಅನ್ನೋದನ್ನೂ ಕೇಂದ್ರವೇ ತೀರ್ಮಾನಿಸುತ್ತೆ. ರಾಜ್ಯದ ಕೈಯಲ್ಲಿ ಉಳಿಯೋದು ಜಮೀನು, ನೀರು, ಕರೆಂಟು, ಮುದ್ರಾಂಕ ಶುಲ್ಕದ ರಿಯಾಯಿತಿ, ಕಾರ್ಮಿಕ ಇಲಾಖೆ ಮತ್ತು ಒಂದು ರಾಶಿ ಅನುಮತಿ ಪತ್ರಗಳು. ಹಾಗಾಗಿ ಯಾವ ಪಕ್ಷದ ಸರ್ಕಾರವೇ ಬರಲಿ, ಹೂಡಿಕೆದಾರರ ಮುಂದೆ ಇಡೋದು ಮುಖ್ಯವಾಗಿ ನೆಲವನ್ನೇ. ನೂರು ವರ್ಷಗಳ ಕಥೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತೆ ಅಂತ ನನಗನ್ನಿಸುತ್ತೆ. ರಾಜ್ಯ ತಾನೇ ಮುಂಚಿತವಾಗಿ ಏನನ್ನೋ ಕಟ್ಟಿಟ್ಟ ಕಡೆ ರಫ್ತು ಬೆಳೆಯಿತು. ಬರೀ ನೆಲ ತೋರಿಸಿ ಒಪ್ಪಂದ ಬರೆಸಿಕೊಂಡ ಕಡೆ ಬಹಳ ಸಲ ಜಗಳವೇ ಉಳಿಯಿತು.

ಮೈಸೂರು ಸಂಸ್ಥಾನದ ಉದಾಹರಣೆಯಿಂದಲೇ ಶುರು ಮಾಡೋಣ. ಶ್ರೀಗಂಧದ ಮರ ಆಗ ಸರ್ಕಾರದ ಸೊತ್ತು. ಕಡಿದ ಗಂಧ ಸರ್ಕಾರಿ ಕೋಠಿಗಳಿಗೆ ಬಂದು ಹರಾಜಾಗುತ್ತಿತ್ತು. ಅದರ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಕೊರಡು ನಮ್ಮದು, ಎಣ್ಣೆಯ ಲಾಭ ಅವರದ್ದು. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನಿಯ ದಾರಿ ಮುಚ್ಚಿತು. ಕೋಠಿಗಳಲ್ಲಿ ಗಂಧ ಹಾಗೇ ಉಳಿಯಿತು.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಕೈಗಾರಿಕಾ ಇಲಾಖೆಯ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅವರದ್ದು. ಬೆಂಗಳೂರಿನಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ (ಇಂದಿನ ಐಐಎಸ್‌ಸಿ) ಇತ್ತಲ್ಲ, ಅಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದಿಂದ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಪ್ರಯೋಗ ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾರ್ಖಾನೆ ಬಂತು, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಕೊರಡಿನ ಬದಲು ಎಣ್ಣೆ ಹಡಗು ಹತ್ತಿತು. ಮುಂದೆ ಲಂಡನ್ನಿನಲ್ಲಿ ಮೈಸೂರಿಗೆ ತನ್ನದೇ ವ್ಯಾಪಾರ ಆಯುಕ್ತರ ಕಚೇರಿಯೂ ಇತ್ತು. ಸಂಸ್ಥಾನವೊಂದು ತನ್ನ ಮಾಲಿಗೆ ತಾನೇ ಮಾರುಕಟ್ಟೆ ಹುಡುಕಿಕೊಂಡ ರೀತಿ ಇದು. ಇದರಲ್ಲಿ ಮೂರು ಸಂಗತಿ ಒಟ್ಟಿಗೆ ಸೇರಿದ್ದವು: ಇಲ್ಲೇ ಸಿಗುವ ಕಚ್ಚಾ ಮಾಲು, ಇಲ್ಲೇ ಇದ್ದ ವಿಜ್ಞಾನಿಗಳು, ಸರ್ಕಾರದ ದುಡ್ಡು. ಆಮೇಲೆ ಈ ಮೂರೂ ಒಟ್ಟಿಗೆ ಸಿಕ್ಕ ಸಂದರ್ಭಗಳು ಹೆಚ್ಚಿಲ್ಲ.

ಸ್ವಾತಂತ್ರ್ಯದ ನಂತರ ಹೊರದೇಶದ ವ್ಯಾಪಾರ ದೆಹಲಿಗೆ ಹೋಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿಯನ್ನೂ 1990ರ ದಶಕದವರೆಗೆ ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟಿಗೆ ಮಾರುವ ಕಾಫಿ ಮಂಡಳಿಯ ಪೂಲ್‌ಗೇ ಹಾಕಬೇಕಿತ್ತು. ರಾಜ್ಯ ತನ್ನ ಪಾಲಿಗೆ ಉಳಿದ ಕೆಲಸಕ್ಕೆ ಸಂಸ್ಥೆಗಳನ್ನು ಕಟ್ಟುತ್ತಾ ಹೋಯಿತು. ಸಾಲಕ್ಕೆ ಹಣಕಾಸು ಸಂಸ್ಥೆ, ಸಣ್ಣ ಕೈಗಾರಿಕೆಗಳಿಗೆ ನಿಗಮ, ರಫ್ತು ಪ್ರೋತ್ಸಾಹಕ್ಕೆ ವಿಶ್ವೇಶ್ವರಯ್ಯನವರ ಹೆಸರಿನ ವ್ಯಾಪಾರ ಕೇಂದ್ರ ಬಂದವು. 1966ರ ಕಾಯ್ದೆಯಿಂದ ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿತು. ಉಳಿದ ಹೆಸರುಗಳು ಮರೆತರೂ ಇದೊಂದು ನೆನಪಿರಲಿ, ಮುಂದೆ ಮತ್ತೆ ಬರುತ್ತೆ.

ಕುದುರೆಮುಖದ ಕಬ್ಬಿಣದ ಗಣಿಯ ಕಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ಅದು ಕೇಂದ್ರದ ಯೋಜನೆ. ಇರಾನಿನ ಶಾ ಸರ್ಕಾರ ಸಾಲ ಕೊಡುತ್ತೆ, ಅದಿರನ್ನು ಅದೇ ಕೊಳ್ಳುತ್ತೆ ಎಂಬ ಒಪ್ಪಂದದ ಮೇಲೆ 1976ರಲ್ಲಿ ಕಂಪನಿ ಶುರುವಾಯಿತು. ಬೆಟ್ಟದಿಂದ ಪಣಂಬೂರಿನ ಹೊಸ ಮಂಗಳೂರು ಬಂದರಿಗೆ ಅದಿರಿನ ರಾಡಿ ಹರಿಸಲು ಸುಮಾರು 67 ಕಿ.ಮೀ. ಕೊಳವೆ ಹಾಕಿದರು. ಎಲ್ಲ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟರು, ಕೊಳ್ಳುವವರೇ ಇಲ್ಲವಾದರು. ಬೇರೆ ಗಿರಾಕಿಗಳನ್ನು ಹುಡುಕಿ ಗಣಿ ನಡೆಯಿತೇನೋ ನಿಜ. ಆದರೆ ಅಷ್ಟರಲ್ಲಿ ಭದ್ರೆಯ ಉಗಮದ ಕಾಡು ಸವೆದಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಒಬ್ಬನೇ ಗಿರಾಕಿಯನ್ನು ನಂಬಿ ಬೆಟ್ಟ ಅಗೆದ ಪಾಠ ಅದು.

ಅದೇ 1976ರಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಹುಟ್ಟಿತು. ಅದರ ಮುಖ್ಯಸ್ಥ ಆರ್.ಕೆ. ಬಾಳಿಗಾ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಬಳಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟರು. ಅಷ್ಟು ದೂರ ಯಾರು ಹೋಗ್ತಾರೆ ಅನ್ನುವಂಥ ಜಾಗ ಅದು ಆಗ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸುವ ವ್ಯವಸ್ಥೆಯಾಯಿತು. ಬಂದರಿಲ್ಲದ ಊರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು? 1991ರಲ್ಲಿ ಕೇಂದ್ರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಬಂದ ಮೇಲೆ ಸಣ್ಣ ಕಂಪನಿಗಳಿಗೂ ಆ ಸಂಪರ್ಕ ಸಿಕ್ಕಿತು. 1994ರಲ್ಲಿ ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಐಟಿಪಿಎಲ್‌ಗೆ ಸಿಂಗಪುರ ಮತ್ತು ಟಾಟಾ ಶೇ 40ರಂತೆ ಬಂಡವಾಳ ಹಾಕಿದರೆ ರಾಜ್ಯ ಶೇ 20ರ ಪಾಲುದಾರ ಆಯಿತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಐಟಿ ನೀತಿ ತಂದಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು.

ಇವತ್ತು ದೇಶದ ಸಾಫ್ಟ್‌ವೇರ್ ರಫ್ತಿನಲ್ಲಿ ಕರ್ನಾಟಕದ ಪಾಲು ಸುಮಾರು ಶೇ 40 ಎನ್ನುತ್ತಾರೆ. ಅದು ಸುಮ್ನೆ ಬಂದಿದ್ದಲ್ಲ. ನೀತಿ ಬರೆಯುವ ಎಷ್ಟೋ ಮೊದಲೇ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಇಸ್ರೊ ಇಲ್ಲಿದ್ದವು, ಊರೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿದ್ದವು. ರಾಜ್ಯ ಕೊಟ್ಟ ಇನ್ನೊಂದು ಸವಲತ್ತಿನ ಬಗ್ಗೆ ಚರ್ಚೆ ಕಡಿಮೆ: ನೌಕರಿಯ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ವಿನಾಯಿತಿ. 2024ರಲ್ಲಿ ಅದನ್ನು ಮತ್ತೆ 5 ವರ್ಷ ಮುಂದುವರಿಸಿದರು. ಹೂಡಿಕೆಗೆ ಕೊಡುವ ಪ್ರೋತ್ಸಾಹದ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು ಅಲ್ವಾ?

2000ದಲ್ಲಿ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. 2002ರಲ್ಲಿ ಏಕಗವಾಕ್ಷಿ ಕಾಯ್ದೆ ಬಂತು. ಅಲ್ಲಿಯವರೆಗೆ ಜಮೀನಿಗೊಂದು ಕಚೇರಿ, ಕರೆಂಟಿಗೊಂದು, ಮಾಲಿನ್ಯ ಮಂಡಳಿಗೊಂದು ಎಂದು ಫೈಲು ಹಿಡಿದು ಅಲೆಯಬೇಕಿತ್ತು. ಈಗ ಅರ್ಜಿ ಕರ್ನಾಟಕ ಉದ್ಯೋಗ ಮಿತ್ರ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಹೋಗುತ್ತೆ. ಸಣ್ಣ ಯೋಜನೆಗಳನ್ನು ಜಿಲ್ಲಾಧಿಕಾರಿಯ ಸಮಿತಿ ನೋಡುತ್ತೆ, ದೊಡ್ಡವನ್ನು ರಾಜ್ಯ ಮಟ್ಟದ ಸಮಿತಿ, ತೀರಾ ದೊಡ್ಡವನ್ನು ಮುಖ್ಯಮಂತ್ರಿಯ ಸಮಿತಿ. 2020ರ ತಿದ್ದುಪಡಿಯಿಂದ ಅಫಿಡವಿಟ್ ಬರೆದುಕೊಟ್ಟು ಕೆಲಸ ಶುರು ಮಾಡಿ, ಹಲವು ಅನುಮತಿಗಳನ್ನು 3 ವರ್ಷದೊಳಗೆ ಪಡೆಯುವ ಅವಕಾಶವೂ ಇದೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ.

ಸಮಾವೇಶಗಳ ಅಂಕಿ ಮಾತ್ರ ಬಲು ದೊಡ್ಡದು. 2010ರಲ್ಲಿ 3.92 ಲಕ್ಷ ಕೋಟಿ ರೂಪಾಯಿ, 2022ರಲ್ಲಿ 9.82 ಲಕ್ಷ ಕೋಟಿ, 2025ರ ಫೆಬ್ರುವರಿಯಲ್ಲಿ 10.27 ಲಕ್ಷ ಕೋಟಿ. ಇವೆಲ್ಲ ಬಂದ ದುಡ್ಡಲ್ಲ, ಕೊಟ್ಟ ಮಾತು. 2010ರಲ್ಲಿ ಮಾತು ಕೊಟ್ಟವರಲ್ಲಿ ಉಕ್ಕಿನ ದೈತ್ಯರಿಬ್ಬರಿದ್ದರು, ಕೊರಿಯಾದ ಪೋಸ್ಕೋ ಮತ್ತು ಆರ್ಸೆಲರ್ ಮಿತ್ತಲ್. ಇಬ್ಬರದ್ದೂ ವರ್ಷಕ್ಕೆ 60 ಲಕ್ಷ ಟನ್ ಉಕ್ಕಿನ ಸ್ಥಾವರದ ಮಾತು. ಪೋಸ್ಕೋಗೆ ಗದಗ ಜಿಲ್ಲೆಯ ಹಳ್ಳಿಗುಡಿಯ ಎರೆಭೂಮಿ ತೋರಿಸಿದರು. ರೈತರು ಬೀದಿಗೆ ಬಂದರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಆರ್ಸೆಲರ್ ಮಿತ್ತಲ್‌ಗೆಂದು ಬಳ್ಳಾರಿಯ ಕುಡಿತಿನಿ ಸುತ್ತ ಜಮೀನು ಹೋಯಿತು. ಸ್ಥಾವರ ಏಳಲಿಲ್ಲ. ಕಡಿಮೆ ಬೆಲೆಗೆ ಹೊಲ ಹೋಯಿತು, ಬರಬೇಕಿದ್ದ ಕೆಲಸವೂ ಬರಲಿಲ್ಲ ಎಂದು ರೈತರು 2022ರ ಕೊನೆಯಿಂದ ಧರಣಿ ಕೂತರು.

ರೈತರ ಬಾಯಲ್ಲಿ ಕೇಳುವ ಒಂದು ಮಾತಿದೆ: 'ನಮ್ಮ ಹೊಲಕ್ಕೆ 28(1) ಆಗಿದೆ.' ಕೆಐಎಡಿಬಿ ಕಾಯ್ದೆಯ ಆ ಸೆಕ್ಷನ್ ಪ್ರಕಾರ ಭೂಸ್ವಾಧೀನದ ಮೊದಲ ಅಧಿಸೂಚನೆ ಬಂದಿದೆ ಅಂತ ಅರ್ಥ. ಅಂತಿಮ ಅಧಿಸೂಚನೆ 28(4)ರದ್ದು. ಈ ಎರಡರ ನಡುವೆ ವರ್ಷಗಳೇ ಕಳೆಯಬಹುದು. ಅಷ್ಟು ದಿನ ಆ ಹೊಲದ ಮೇಲೆ ಸಾಲ ಹುಟ್ಟೋದು ಕಷ್ಟ, ಮಾರೋದು ಕಷ್ಟ, ಬೋರ್‌ವೆಲ್ ಕೊರೆಸೋಣ ಅಂದರೂ ಮನಸ್ಸು ಹಿಂಜರಿಯುತ್ತೆ. ಹೂಡಿಕೆದಾರರ ಕಣ್ಣಿಗೆ ಅದು ನಕ್ಷೆಯ ಮೇಲಿನ ಒಂದು ಸರ್ವೆ ನಂಬರು, ಮನೆಯವರಿಗೆ ಮಗಳ ಮದುವೆಯನ್ನೇ ಮುಂದೂಡಿಸುವ ಕಾಗದ.

ರಫ್ತನ್ನು ರಾಜ್ಯವೇ ನಿಲ್ಲಿಸಿದ ಪ್ರಸಂಗವೂ ಒಂದಿದೆ. ಚೀನಾದ ಬೇಡಿಕೆಯಿಂದ ಬಳ್ಳಾರಿಯ ಅದಿರು ಹಗಲು ರಾತ್ರಿ ಲಾರಿ ಹತ್ತುತ್ತಿದ್ದ ಕಾಲ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಕಾಣೆಯಾಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ಪರವಾನಗಿ ಕೊಡೋದನ್ನೇ ನಿಲ್ಲಿಸಿತು. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ರಫ್ತಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ಸಡಿಲಿಸಿದ್ದು 2022ರ ಮೇ ತಿಂಗಳಲ್ಲಿ. ರಫ್ತು ಅಂದ ಮಾತ್ರಕ್ಕೆ ಒಳ್ಳೇದೇ ಎಂದು ಭಾವಿಸುವವರಿಗೆ ಸಂಡೂರಿನ ಕೆಂಪು ಧೂಳು ಕುಡಿದವರೇ ಉತ್ತರ ಹೇಳಬೇಕು.

ಈಗಿನ ಸಂಭ್ರಮ ಐಫೋನ್‌ದು. ಕೋಲಾರದ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಘಟಕ ಬಂದಾಗಲೂ ಹೀಗೇ ಇತ್ತು. 2020ರ ಡಿಸೆಂಬರ್ 12ರಂದು ಸಂಬಳ ಸರಿಯಾಗಿ ಬಂದಿಲ್ಲ ಎಂದು ಸಿಟ್ಟಿಗೆದ್ದ ಕಾರ್ಮಿಕರಿಂದ ಅಲ್ಲಿ ದಾಂಧಲೆಯಾಯಿತು. ನಂತರದ ತನಿಖೆಯಲ್ಲಿ ಕಾರ್ಮಿಕ ಕಾನೂನುಗಳ ಉಲ್ಲಂಘನೆ ಬಯಲಾಯಿತು. 2023ರಲ್ಲಿ ಆ ಘಟಕ ಟಾಟಾ ಪಾಲಾಯಿತು. ಅದೇ ವರ್ಷ ದೇವನಹಳ್ಳಿ ಬಳಿ ಫಾಕ್ಸ್‌ಕಾನ್‌ಗೆ 300 ಎಕರೆ ಕೊಡುವ ನಿರ್ಧಾರವಾಯಿತು. ಆ ಫೆಬ್ರುವರಿಯಲ್ಲೇ ವಿಧಾನಮಂಡಲ ದಿನಕ್ಕೆ 12 ಗಂಟೆವರೆಗಿನ ಪಾಳಿಗೂ ಮಹಿಳೆಯರ ರಾತ್ರಿಪಾಳಿಗೂ ದಾರಿ ಮಾಡುವ ತಿದ್ದುಪಡಿ ಪಾಸು ಮಾಡಿತ್ತು. ಹಳ್ಳಿಗಳಿಂದ ಬರುವ ಸಾವಿರಾರು ಹೆಣ್ಣುಮಕ್ಕಳಿಗೆ ಇದು ಮೊದಲ ಸಂಬಳ. ಅದರ ಬೆಲೆ ನನಗೆ ಗೊತ್ತು, ಹಗುರವಾಗಿ ಮಾತಾಡಲಾರೆ. ಆದರೆ ನೆಲ ಕೊಡುವಾಗ ತೋರಿಸುವ ಆಸಕ್ತಿಯನ್ನು ಸರ್ಕಾರ ಆ ಮಕ್ಕಳ ಹಾಸ್ಟೆಲ್, ಬಸ್ಸು, ಸಂಬಳದ ಚೀಟಿ ನೋಡುವಾಗಲೂ ತೋರಿಸಬೇಕು.

ಅಂಕಿಗಳನ್ನು ಓದುವಾಗಲೂ ಹುಷಾರಾಗಿರಬೇಕು. 2021–22ರಲ್ಲಿ ದೇಶಕ್ಕೆ ಬಂದ ವಿದೇಶಿ ಷೇರು ಬಂಡವಾಳದಲ್ಲಿ ಶೇ 38 ಕರ್ನಾಟಕಕ್ಕೇ ಬಂತು, ಮಹಾರಾಷ್ಟ್ರಕ್ಕಿಂತ ಜಾಸ್ತಿ. ದೊಡ್ಡ ಪಾಲು ಬೆಂಗಳೂರಿನ ಸಾಫ್ಟ್‌ವೇರ್ ಮತ್ತು ಸ್ಟಾರ್ಟಪ್ ಕಂಪನಿಗಳದ್ದು. ಕಲಬುರಗಿಗೂ ಕೊಪ್ಪಳಕ್ಕೂ ಅದರಿಂದ ಕಾರ್ಖಾನೆ ಬರಲಿಲ್ಲ. ಬೆಂಗಳೂರು ಬಿಟ್ಟು ಹೊರಗೆ ಹೋಗಿ ಎಂದು ಒಂದಾದ ಮೇಲೊಂದು ಕೈಗಾರಿಕಾ ನೀತಿ ಹೇಳುತ್ತಲೇ ಇದೆ. ಹಿಂದುಳಿದ ವಲಯಗಳಿಗೆ ಹೆಚ್ಚು ಸಬ್ಸಿಡಿಯೂ ಇದೆ. ಕಂಪನಿಗಳು ಮಾತ್ರ ವಿಮಾನ ನಿಲ್ದಾಣದ ಸುತ್ತಲೇ ಜಾಗ ಕೇಳುತ್ತಿವೆ.

ದೇವನಹಳ್ಳಿಯ ಜಗಳ ಬೆಳೆದಿದ್ದು ಅಲ್ಲೇ. ಏರೋಸ್ಪೇಸ್ ಪಾರ್ಕ್‌ಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಅಧಿಸೂಚನೆ ಬಂತು. ತರಕಾರಿ, ದ್ರಾಕ್ಷಿ, ರೇಷ್ಮೆ ಬೆಳೆಯುವ ಊರುಗಳವು. 2022ರ ಏಪ್ರಿಲ್‌ನಿಂದ ರೈತರು 1,198 ದಿನ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಹೆಚ್ಚಿನ ದರಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ತಡವಾಗದೆ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಪಕ್ಕದಲ್ಲೇ ನಮ್ಮಲ್ಲಿ 8,000 ಎಕರೆ ಸಿದ್ಧವಿದೆ ಬನ್ನಿ ಎಂದು ಏರೋಸ್ಪೇಸ್ ಕಂಪನಿಗಳನ್ನು ಕರೆದರು.

ಹೂಡಿಕೆ ಪಕ್ಕದ ರಾಜ್ಯಕ್ಕೆ ಹೋಗುತ್ತೆ ಅನ್ನೋ ಭಯದಲ್ಲಿ ಇನ್ನೊಂದು ಹೋಬಳಿಗೆ 28(1) ಹೊರಡಿಸುವ ಮೊದಲು ಸರ್ಕಾರ ಒಂದು ಕೆಲಸ ಮಾಡಲಿ. ಕೆಐಎಡಿಬಿ ಈವರೆಗೆ ವಶಪಡಿಸಿಕೊಂಡ ಜಮೀನಿನಲ್ಲಿ ಎಷ್ಟು ಎಕರೆ ಖಾಲಿ ಬಿದ್ದಿದೆ, ಯಾರ ಹೆಸರಿನಲ್ಲಿದೆ, ಹಂಚಿಕೆಯಾಗಿ ಎಷ್ಟು ವರ್ಷವಾಯಿತು ಎಂಬ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಲಿ. ಕುಡಿತಿನಿಯ ಹೊಲಗಳಿಂದಲೇ ಆ ಪಟ್ಟಿ ಶುರುವಾಗಲಿ.