ಹಾಸ್ಟೆಲ್‌ನಲ್ಲಿ ಉಸಿರು ನಿಂತರೆ: ನಲೋಕ್ಸೋನ್ ನಮ್ಮ ಕ್ಯಾಂಪಸ್‌ಗಳಿಗೂ ಬೇಕು

ಕಾಸರಗೋಡಿನ ಕಾಲೇಜುಗಳಲ್ಲಿ ಡ್ರಗ್ಸ್ ವಿರುದ್ಧ ಜಾಥಾ, ಪ್ರತಿಜ್ಞೆ, ಭಾಷಣ ನಡೆಯುತ್ತಲೇ ಇರುತ್ತವೆ. ಅವು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ರಾತ್ರಿ ಹಾಸ್ಟೆಲ್‌ನಲ್ಲಿ ಒಬ್ಬ ಹುಡುಗ ಎಚ್ಚರ ತಪ್ಪಿ ಬಿದ್ದಿದ್ದಾನೆ, ಉಸಿರು ನಿಧಾನವಾಗುತ್ತಿದೆ ಎಂದಾದರೆ ಆರೋಗ್ಯ ಕೇಂದ್ರದ ನರ್ಸ್ ಏನು ಮಾಡಬೇಕು? ಅದರ ಬಗ್ಗೆಯೂ, ಕೆಲವು ಡ್ರಗ್ಸ್‌ನಿಂದ ಕುಸಿದ ಉಸಿರನ್ನು ಮರಳಿಸುವ ನಲೋಕ್ಸೋನ್ ಎಂಬ ಮದ್ದಿನ ಬಗ್ಗೆಯೂ ಮಾತು ಕಡಿಮೆ.

ಅಫೀಮಿನಿಂದ ಬರುವ ಮಾರ್ಫಿನ್, ಕೊಡೀನ್, ಹೆರಾಯಿನ್ ಮತ್ತು ಕಾರ್ಖಾನೆಯಲ್ಲಿ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಎಲ್ಲವೂ ಒಪಿಯಾಯ್ಡ್ ಗುಂಪಿಗೆ ಸೇರಿದವು. ಇವು ನೋವನ್ನು ತಗ್ಗಿಸುತ್ತವೆ. ಜೊತೆಗೆ, ಉಸಿರಾಡು ಎಂದು ಮೆದುಳು ಕೊಡುವ ಆಜ್ಞೆಯನ್ನೂ ಮಂಕು ಮಾಡುತ್ತವೆ. ಓವರ್‌ಡೋಸ್ ಆದಾಗ ಜೀವ ಹೋಗುವುದು ಹೆಚ್ಚಾಗಿ ಇದರಿಂದಲೇ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ, ತುಟಿ ನೀಲಿಯಾಗುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಅದನ್ನು ಗೊರಕೆ ಎಂದುಕೊಂಡು, ಮಲಗಲಿ ಬಿಡಿ ಎಂದು ಸುಮ್ನೆ ಇರುವುದೇ ದೊಡ್ಡ ಅಪಾಯ.

ಇದಕ್ಕೆ ಮದ್ದು ಇದೆ, ಅದೂ ಹಳೆಯದು. ಅಮೆರಿಕದಲ್ಲಿ ಜ್ಯಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೈನ್ 1960ರ ಸುಮಾರಿಗೆ ನಲೋಕ್ಸೋನ್ ತಯಾರಿಸಿದರು. 1971ರಲ್ಲಿ ಅಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮೆದುಳಿನಲ್ಲಿ ಒಪಿಯಾಯ್ಡ್ ಕೂತ ಜಾಗದಿಂದ ಅದನ್ನು ಎಬ್ಬಿಸಿ ತಾನು ಕೂರುವುದೇ ಇದರ ಕೆಲಸ. ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಒಪಿಯಾಯ್ಡ್ ತೆಗೆದುಕೊಳ್ಳದವರಿಗೆ ಕೊಟ್ಟರೂ ತೊಂದರೆ ಇಲ್ಲ.

ಆದರೂ ಬಹಳ ಕಾಲ ಇದು ಆಸ್ಪತ್ರೆಯ ಒಳಗೇ ಉಳಿಯಿತು. 1996ರಲ್ಲಿ ಶಿಕಾಗೋದ ಒಂದು ಸಂಘಟನೆ ಡ್ರಗ್ಸ್ ಬಳಸುವವರ ಕೈಗೇ ಇದನ್ನು ಕೊಡಲು ಶುರು ಮಾಡಿತು. ಅದೇ ವರ್ಷ ಆಕ್ಸಿಕಾಂಟಿನ್ ಎಂಬ ಒಪಿಯಾಯ್ಡ್ ನೋವಿನ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಚಟ ಮಾತ್ರೆಯಿಂದ ಹೆರಾಯಿನ್‌ಗೆ, 2013ರ ಈಚೆಗೆ ಫೆಂಟನಿಲ್‌ಗೆ ಹಬ್ಬಿತು. 2021ರಲ್ಲಿ ಅಲ್ಲಿ ಓವರ್‌ಡೋಸ್‌ನಿಂದ ಸತ್ತವರು 1 ಲಕ್ಷ ದಾಟಿದರು. ಓದಿಗೆ ನಿದ್ದೆ ಬಾರದಿರಲಿ ಎಂದು ಯಾರಿಂದಲೋ ಪಡೆದ ಒಂದು ನಕಲಿ ಮಾತ್ರೆಯಲ್ಲೂ ಫೆಂಟನಿಲ್ ಇರಬಹುದು ಎಂಬ ಸ್ಥಿತಿ ಬಂತು. ಆಮೇಲೆ ಕ್ಯಾಂಪಸ್‌ಗಳು ಎಚ್ಚೆತ್ತವು. ಮೂಗಿಗೆ ಹಾಕುವ ನಲೋಕ್ಸೋನ್ ಸ್ಪ್ರೇಗೆ 2015ರಲ್ಲಿ ಅನುಮತಿ ಸಿಕ್ಕಿತ್ತು. ಕ್ಯಾಲಿಫೋರ್ನಿಯಾ 2022ರಲ್ಲಿ ಕ್ಯಾಂಪಸ್ ಆರೋಗ್ಯ ಕೇಂದ್ರಗಳಲ್ಲಿ ನಲೋಕ್ಸೋನ್ ಸಿಗಲಿ ಎಂದು ಕಾನೂನನ್ನೇ ತಂದಿತು. 2023ರಲ್ಲಿ ಸ್ಪ್ರೇಯನ್ನು ವೈದ್ಯರ ಚೀಟಿ ಇಲ್ಲದೆ ಮಾರಲು ಒಪ್ಪಿಗೆಯಾಯಿತು.

ನಮ್ಮಲ್ಲಿ ಕಥೆ ಬೇರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಭಯಕ್ಕೆ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ಕಷ್ಟವಾಯಿತು. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಗಂಭೀರ ರೋಗಿಗಳ ನೋವು ತಗ್ಗಿಸುವ ಪಾಲಿಯೇಟಿವ್ ಕೆಲಸ ಆರಂಭಿಸಿದರು. ಕೇರಳ ಮಾರ್ಫಿನ್ ನಿಯಮಗಳನ್ನು ಸಡಿಲಿಸಿತು. 2014ರಲ್ಲಿ ಕೇಂದ್ರದ ಕಾಯ್ದೆಗೂ ತಿದ್ದುಪಡಿ ಬಂತು. ಜಾಗ್ರತೆಯಿಂದ ಬಳಸಿದರೆ ಭಯ ಬೇಡ ಎಂದು ತೋರಿಸಿದ ರಾಜ್ಯ ಇದು. ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವವರ ಮನೆ ಬಾಗಿಲಿಗೆ ಪಾಲಿಯೇಟಿವ್ ನರ್ಸ್ ಹೋಗುವ ಜಿಲ್ಲೆ ನಮ್ಮದು. ಅಂಥ ಕಡೆ ನಲೋಕ್ಸೋನ್ ದೂರದ ಮಾತಾಗಬಾರದು.

ಇಲ್ಲಿ ಈಗ ಎಂಡಿಎಂಎ ಎಂಬ ಉತ್ತೇಜಕ ಡ್ರಗ್ ಮತ್ತು ಗಾಂಜಾದ ಸುದ್ದಿಯೇ ಜಾಸ್ತಿ, ಅಲ್ವಾ? ಅವು ಒಪಿಯಾಯ್ಡ್ ಅಲ್ಲ, ನಲೋಕ್ಸೋನ್ ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಹಾಗಂತ ಒಪಿಯಾಯ್ಡ್ ನಮಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಒಪಿಯಾಯ್ಡ್ ಬಳಸುತ್ತಾರೆ. ಟ್ರಮಡಾಲ್ ದುರ್ಬಳಕೆ ಹೆಚ್ಚಿದ್ದರಿಂದಲೇ 2018ರಲ್ಲಿ ಅದನ್ನೂ ಎನ್‌ಡಿಪಿಎಸ್ ಅಡಿಗೆ ತರಬೇಕಾಯಿತು.

ಆಸ್ಪತ್ರೆಯ ದೂರವೂ ನಮಗೆ ಹೊಸದಲ್ಲ. ಸ್ವಲ್ಪ ಗಂಭೀರವಾದರೂ ಮಂಗಳೂರಿಗೇ ಓಡುವ ಊರು ನಮ್ಮದು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟರು. ಉಸಿರು ಪೂರ್ತಿ ನಿಂತ ಮೇಲೆ ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ನಮ್ಮ ಜಿಲ್ಲೆಯ ಪೆರಿಯದಿಂದಾಗಲಿ ಮಂಜೇಶ್ವರದಿಂದಾಗಲಿ ಅಷ್ಟರೊಳಗೆ ಯಾವ ಆಂಬುಲೆನ್ಸೂ ಮಂಗಳೂರು ಮುಟ್ಟಲಾರದು. ಅದಕ್ಕೇ ಮೊದಲ ಚಿಕಿತ್ಸೆ ಕ್ಯಾಂಪಸ್‌ನಲ್ಲೇ ಆಗಬೇಕು.

ಬೇಕಾಗುವುದು ಜಾಸ್ತಿ ಏನಿಲ್ಲ. ಕೂಗಿ, ಅಲುಗಾಡಿಸಿ ನೋಡುವುದು. 108ಕ್ಕೆ ಕರೆ. ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್‌ನಿಂದ ಉಸಿರು ಕೊಡುವುದು. ಮದ್ದು ಸಿಗುವ ಮೊದಲೂ ಜೀವ ಹಿಡಿದಿಡುವುದು ಇದೇ. ಆಮೇಲೆ ನಲೋಕ್ಸೋನ್. ನಮ್ಮಲ್ಲಿ ಇದು ಸೂಜಿಮದ್ದಾಗಿ ಸಿಗುತ್ತದೆ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಎರಡು ಮೂರು ನಿಮಿಷದಲ್ಲಿ ಉಸಿರು ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಉಸಿರಾಟ ಮರಳಿದ ಮೇಲೆ ಪಕ್ಕಕ್ಕೆ ತಿರುಗಿಸಿ ಮಲಗಿಸುತ್ತಾರೆ. ಎದ್ದು ಕೂತು ‘ನಾನು ಸರಿ ಇದ್ದೇನೆ’ ಎಂದರೂ ಕಳುಹಿಸಬಾರದು. ಮದ್ದಿನ ಬಲ 30ರಿಂದ 90 ನಿಮಿಷ ಮಾತ್ರ, ಒಳಗಿರುವ ಒಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಉಸಿರು ಮತ್ತೆ ಕುಸಿಯುತ್ತದೆ.

ಇಷ್ಟೆಲ್ಲ ಇದ್ದೂ ಗೆಳೆಯರು ಕರೆತರದಿದ್ದರೆ? ಪೊಲೀಸ್, ಅಮಾನತು, ಮನೆಗೆ ಫೋನ್, ಹೀಗೆ ಅವರಿಗೆ ಹತ್ತು ಭಯ. ಸಹಾಯಕ್ಕೆ ಕರೆದವರ ಮೇಲೆ ಕೇಸು ಹಾಕದಂತೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ 2007ರಲ್ಲೇ ಕಾನೂನು ಮಾಡಿತು. ನಮ್ಮ ಎನ್‌ಡಿಪಿಎಸ್‌ನ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುತ್ತದೆ. ಗೆಳೆಯನನ್ನು ಹೊತ್ತು ತಂದವರ ಬಗ್ಗೆ ಅದರಲ್ಲಿ ಮಾತಿಲ್ಲ. ಕಾನೂನು ಬದಲಾಗುವ ತನಕ ಕಾಲೇಜುಗಳು ಕಾಯಬೇಕಿಲ್ಲ. ಕರೆತಂದವರ ಮೇಲೆ ಶಿಸ್ತು ಕ್ರಮ ಇಲ್ಲ ಎಂದು ಹಾಸ್ಟೆಲ್ ನಿಯಮದಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಹಾಕಬಹುದು. ಅದರ ಕೆಳಗೆ 108ರ ಜೊತೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಕೂಡ ಇರಲಿ.